ಎತ್ತಿನ ಹೆಸರಿಲ್ಲದ ಅರ್ಜಿ

ನಾಗಭೂಷಣ್,

ಶಿರಾ ಕಾಲೇಜಿನಲ್ಲಿ ನನ್ನ ನೋಟ್ಸ್ ಓದಿ ಪಾಸಾದವನು ಈಗ ಅರಣ್ಯದ ಸಾಹೇಬ. ಆದರೂ ನಿನ್ನನ್ನು 'ತಾವು' ಎಂದು ಬರೆಯಲು ಕೈ ಏಳುವುದಿಲ್ಲ, ಕ್ಷಮಿಸು. ಹೋದ ವರ್ಷ ನೀನು ಫೋನಿನಲ್ಲಿ ಕೇಳಿದ್ದೆ: "ಪರ್ಮಿಶನ್ ಕೊಟ್ರೂ ಒಳಗೆ ಹೋಗ್ಲಿಲ್ವಲ್ಲ ಓಬಳಮ್ಮ, ನಿಮ್ಮೋರ್ಗೆ ಬೇಕಾಗಿರೋದು ಪೂಜೆನೋ ಜಗಳನೋ?" ನಾನು ಫೋನ್ ಇಟ್ಟುಬಿಟ್ಟೆ. ನಿಜ ಹೇಳಲು ನಾಚಿಕೆಯಾಯಿತು.

ನಮ್ಮ ಮ್ಯಾಸಬೇಡರ ಹಟ್ಟಿಯಲ್ಲಿ ದೇವರ ಎತ್ತುಗಳಿರುವುದು ನಿನಗೆ ಗೊತ್ತು. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನುಷ್ಯರಂತೆಯೇ ಮಣ್ಣು ಮಾಡುತ್ತೇವೆ. ಬುಕ್ಕಾಪಟ್ಟಣದ ಆಚೆ, ಈಗ ನಿನ್ನ ಬೇಲಿಯೊಳಗೆ ಸೇರಿರುವ ಕುರುಚಲು ಕಾಡಿನಲ್ಲಿ ನಮ್ಮ ದೇವರ ಕಲ್ಲಿದೆ. ದೇವರಿಗೆಂದೇ ಎತ್ತಿಟ್ಟ ಮೀಸಲು ಹಾಲನ್ನು ಅದಕ್ಕೆ ಎರೆಯಲು ಹೊರಟರೆ ಹಿರಿಯ ಎತ್ತು ಮುಂದೆ, ಎಳೆಯವು ಅದರ ಹಿಂದೆ, ಜನ ಕಟ್ಟಕಡೆಗೆ. ಹಿರಿಯ ಎತ್ತಿಗಿಂತ ಮೊದಲು ಆ ನೆಲದಲ್ಲಿ ಯಾರೂ ಕಾಲಿಡುವುದಿಲ್ಲ.

ಬೇಲಿ ಬಂದು ಎಂಟು ವರ್ಷ ಪೂಜೆ ನಿಂತಿತ್ತು. ಕೊನೆಗೆ ಅರ್ಜಿ ಬರೆದವಳು ನಾನೇ, ಹಟ್ಟಿಗೆ ಇರುವುದು ನಾನೊಬ್ಬಳೇ ಟೀಚರ್ ತಾನೆ. ನಮೂನೆಯಲ್ಲಿ 'ಎಷ್ಟು ಜನ' ಎಂದಿತ್ತು. ಐದು ಹೆಸರು, ಐದು ಆಧಾರ್ ನಂಬರ್ ದುಂಡಗೆ ಬರೆದೆ. ಆ ಎತ್ತುಗಳನ್ನು ಕಾಯುವ ಕಿಲಾರಿಯ ಮನೆಯಲ್ಲಿ ಹುಟ್ಟಿದವಳು ನಾನು, ಎತ್ತನ್ನೇ ಮರೆತೆ.

ಪೂಜೆಯ ದಿನ ಗೇಟಿನಲ್ಲಿ ಗಾರ್ಡ್ ನಿನ್ನ ಪರ್ಮಿಶನ್ ಕಾಗದ ಓದಿ, "ಐದು ಜನಕ್ಕೈತೆ, ದನಕ್ಕಿಲ್ಲ ಕಣಮ್ಮ" ಅಂದ. ಅವನದೇನೂ ತಪ್ಪಿಲ್ಲ. ನಮ್ಮ ಕಿಲಾರಿ, ದೊಡ್ಡಪ್ಪ ಪಾಲಯ್ಯ, ಹಾಲಿನ ಗಡಿಗೆ ಹೊತ್ತು ಬರಿಗಾಲಲ್ಲಿ ನಿಂತಿದ್ದ. "ಎತ್ತು ಹೋಗ್ದೆ ನಾವೆಂಗವ್ವಾ ಹೋಗಾದು? ಕರೀದೇ ಇರೋ ಮನೆಗೆ ನುಗ್ದಂಗಾಯ್ತದೆ" ಎಂದು ತಿರುಗಿ ನಡೆದೇಬಿಟ್ಟ. ಮೀಸಲು ಹಾಲನ್ನು ನಾವು ಕುಡಿಯುವಂತಿಲ್ಲ. ದಾರಿಯಲ್ಲಿ ಸಿಕ್ಕ ಒಂದು ಹುತ್ತಕ್ಕೆ ಎರೆದು ಬಂದೆವು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಟ್ಟಿಯೆಲ್ಲ ನಿನ್ನನ್ನು ಬೈದಿತು. ತಪ್ಪು ನನ್ನದೆಂದು ನಾನು ಬಾಯಿಬಿಡಲಿಲ್ಲ. ವರ್ಷವಿಡೀ ಆ ಬೈಗುಳ ನಿನಗೇ ಇರಲೆಂದು ಸುಮ್ಮನಿದ್ದೆ. ನಿನ್ನೆ ತಡೆಯಲಾರದೆ ದೊಡ್ಡಪ್ಪನಿಗೆ ಹೇಳಿದೆ. "ಬರ್ಯೋರ್ಗೆ ಒಂದೊಂದ್ಸಲ ಅಂಗಾಯ್ತದೆ, ಬುಡವ್ವ" ಅಂದ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಮ್ಮ ಪೂಜೆಗೆ ಯಾರೂ ಬೇಡವೆಂದಿಲ್ಲ, ನಾಗಭೂಷಣ್. ಕಾನೂನಿನಲ್ಲಿ ಹಕ್ಕಿದೆ, ನೀನೂ ಸಹಿ ಹಾಕಿದೆ. ಆದರೆ ಆ ನಮೂನೆಯೊಳಗೆ ನಮ್ಮ ದೇವರು ಹಿಡಿಸಲಿಲ್ಲ. ನನಗೇ ಅರಿವಿಲ್ಲದೆ ದೇವರನ್ನು ಅದರ ಅಳತೆಗೆ ಕತ್ತರಿಸಿದವಳು ನಾನೇ ಎಂಬುದು ನನ್ನ ಸಂಕಟ. ಬೇಲಿ ಹಾಕಿ ನೀನು ಕಾಯುವ ಆ ಚಿಂಕಾರ ಜಿಂಕೆಗಳ ಮೇಲೆ ನಮಗೆ ಸಿಟ್ಟಿಲ್ಲ, ಅವು ನಮ್ಮ ಎತ್ತುಗಳ ಜೊತೆಗೇ ಮೇಯ್ದು ಬೆಳೆದವು.

ಹಿರಿಯ ಎತ್ತಿನ ಹಲ್ಲು ಸವೆದಿದೆ. ಆ ದಾರಿ ನಡೆದವುಗಳಲ್ಲಿ ಈಗ ಉಳಿದಿರುವುದು ಅದೊಂದೇ. ಎಳೆಯವಕ್ಕೆ ತೋರಿಸದೆ ಅದು ಹೋದರೆ, ನಾಳೆ ನೀನು ಗೇಟನ್ನೇ ಕಿತ್ತುಹಾಕಿದರೂ ನಮ್ಮನ್ನು ಕರೆದೊಯ್ಯುವವರಿಲ್ಲ.

ಹೊಸ ಅರ್ಜಿ ಇದರ ಜೊತೆಗಿದೆ. ಮೊದಲ ಹೆಸರು ಎತ್ತಿನದು, ಅದರ ಮುಂದೆ ಆಧಾರ್ ಜಾಗ ಖಾಲಿ. ನಗಬೇಡ. ಪೂಜೆಯ ದಿನ ನೀನೂ ಬಾ, ಬೂಟು ಬಿಚ್ಚಿ ಜನರ ಸಾಲಿನಲ್ಲಿ ನಿಲ್ಲು.

ನಿನ್ನ ಕಾಡಿಗೆ ಒಳ್ಳೆ ಮಳೆಯಾಗಲಿ. ದೊಡ್ಡಪ್ಪನೂ ನಿನಗೊಂದು ಮಾತು ಹೇಳಿಕಳಿಸಿದ್ದಾನೆ: "ಆ ಸಾಮಿ ನೂರ್ಕಾಲ ಚೆನ್ನಾಗಿರ್ಲಿ. ಸೈನು ಮಾತ್ರ ಬಿರ್ರನೆ ಹಾಕ್ಲಿ, ಎತ್ತು ಎದ್ದು ನಿಂತ್ಕಳಾಕೆ ಕಷ್ಟಪಡ್ತೈತೆ."

ನಿನ್ನ ಹಳೆಯ ಸಹಪಾಠಿ,
ಓಬಳಮ್ಮ