ಆನೆಗಳ ಊರಿನಲ್ಲಿ ಅಂದ ‘ಬರ್ತೀನಿ’

ಇಲ್ಫರ್ಡ್, ಲಂಡನ್
೨೧ ಸೆಪ್ಟೆಂಬರ್ ೨೦೦೨

ಗೆಳೆಯ ನಾಗಲಿಂಗಪ್ಪನಿಗೆ,

ಜಗದೇವಪ್ಪನ ಶರಣು. ನಿನ್ನ ಮನೆಯಾಕೆ ಚನ್ನಬಸವ್ವನಿಗೂ ತಿಳಿಸು. ನಿನ್ನ ಎರಡು ಪತ್ರ ಟೀವಿಯ ಮೇಲೆ ಕೂತು ನನ್ನನ್ನೇ ದಿಟ್ಟಿಸುತ್ತಿವೆ. ಉತ್ತರ ಬರಲಿಲ್ಲವೆಂದು ಬೈದಿರುತ್ತೀ, ಬೈ. ಇಪ್ಪತ್ತೆಂಟು ವರ್ಷ ನಾಟಕ ಕಂಪನಿಯಲ್ಲಿ ಪರದೆಯ ಮರೆಗೆ ನಿಂತು, ನಾನು ಮರೆತ ಮಾತನ್ನೆಲ್ಲ ಎತ್ತಿಕೊಟ್ಟವನು ನೀನು. ನಿನ್ನ ಬೈಗುಳ ನನಗೆ ಹೊಸದಲ್ಲ. ಕಣ್ಣಿನ ಆಪರೇಶನ್ ಆಯಿತೇ? ಬೀಡಿ ಬಿಟ್ಟೆಯಾ?

ಕೇಳು! ಆಗಸ್ಟಿನಲ್ಲಿ ನಾವು ಆಫ್ರಿಕಾಕ್ಕೆ ಹೋಗಿದ್ದೆವು. ಬೋಟ್ಸ್ವಾನಾ ಎಂಬ ದೇಶ, ಚೋಬೆ ಎಂಬ ನದಿ. ಮಗ ಪ್ರಸಾದ ಆಸ್ಪತ್ರೆಗೆ ರಜೆ ಹಾಕಿ, ಬಣ್ಣದ ಪುಸ್ತಕವೊಂದನ್ನು ನನ್ನ ಮೂಗಿಗೆ ಹಿಡಿದು, “ಅಪ್ಪಾ, ಅಲ್ಲಿ ಸಿಂಹ, ಆನಿ, ಮೊಸಳಿ ಎಲ್ಲಾ ಖುಲ್ಲಾ ಅಡ್ಡಾಡತಾವು. ಸ್ಟೇಜಿನ ಮ್ಯಾಲ ದಿನಾ ಹುಲಿ ಕೊಂದಾವ ನೀ, ಒಮ್ಮೆ ಖರೇದ್ದು ನೋಡು” ಅಂದ. ಸೊಸೆ ಪ್ರಿಯಾಂಕಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಆ ಹುಲಿ ಯಾರಂತ ನಿನಗೆ ಗೊತ್ತಲ್ಲ, ತೊಗಲಿನೊಳಗೆ ಕೂತು ಪಾನ್ ಜಗಿಯುತ್ತಿದ್ದ ನಮ್ಮ ಶ್ರೀರಂಗ!

ಮೊದಲ ದಿನವೇ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಪ್ರಾಣಿಗಳಿಂದ ಪ್ರಾಣಕ್ಕೆ ಏನಾದರೂ ಆದರೆ ನಾವು ಹೊಣೆಯಲ್ಲ ಎಂದು. ನನ್ನ ಸಹಿ ಕೆಳಗಿನ ಸಾಲಿಗೆ ಇಳಿಯಿತು. ಜೀಪಿಗೆ ಗಾಜಿಲ್ಲ, ಬಾಗಿಲಿಲ್ಲ. ಗೈಡ್ ಕಬೆಲೊ ಎಂಬ ಎತ್ತರದ ಮನುಷ್ಯ ಪಿಸುದನಿಯಲ್ಲಿ, “ಏಳಬೇಡಿ, ಸದ್ದು ಮಾಡಬೇಡಿ” ಎಂದ. ಒಂದು ಹೆಣ್ಣುಸಿಂಹ ನಡೆದು ಬಂದು, ನಮ್ಮ ಜೀಪಿನ ನೆರಳಿನಲ್ಲೇ, ನನ್ನ ಕಾಲಿನ ಕೆಳಗೇ ಮಲಗಿತು! ಅದು ಉಸಿರು ಬಿಡುವುದು ಕೇಳುತ್ತಿತ್ತು. ನಾನು ಬಿಡುವುದು ನಿಂತಿತ್ತು. ಎಂಟು ವರ್ಷದ ಮೊಮ್ಮಗಳು ಪ್ರಾಚಿ ಮಾತ್ರ ಬಗ್ಗಿ ಬಗ್ಗಿ ಫೋಟೋ ತೆಗೆಯುತ್ತಿದ್ದಳು. ಮರುದಿನ ದೋಣಿ. ಮರದ ದಿಮ್ಮಿ ಅಂದುಕೊಂಡದ್ದು ಒಂದು ಕಣ್ಣು ತೆರೆಯಿತು. ನೀರಾನೆ ಬಾಯಿ ಕಳೆದರೆ ನಮ್ಮ ಕಂಪನಿಯ ಹಾರ್ಮೋನಿಯಂ ಪೆಟ್ಟಿಗೆ ಸಲೀಸಾಗಿ ಒಳಗೆ ಹೋಗುತ್ತಿತ್ತು.

ಆ ಸಹಿ ಮಾಡಿದಾಗಿನಿಂದ ‘ಹೋಗ್ತೀನಿ’ ಎಂಬ ಶಬ್ದ ನನ್ನ ನಾಲಿಗೆಗೆ ಬರಲಿಲ್ಲ, ನಾಗಲಿಂಗ. ಅಂಥ ಜಾಗದಲ್ಲಿ ಅಪಶಕುನ ಯಾಕೆ? ಬಚ್ಚಲಿಗೆ ಹೋಗುವಾಗಲೂ ‘ಬರ್ತೀನಿ’ ಎಂದು ಹೇಳಿಯೇ ಏಳುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಮತ್ತೆ ದೋಣಿ ಎಂದರು. ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿದೆ. ಪ್ರಾಚಿ, “ಐ ವಿಲ್ ಸ್ಟೇ ವಿತ್ ಅಜ್ಜಾ” ಎಂದು ಕೂತುಬಿಟ್ಟಳು. ಪ್ರಸಾದ ಹೊರಡುವಾಗ ಎರಡು ಸಲ ಹೇಳಿದ: “ಅಪ್ಪಾ, ಇಲ್ಲಿ ಬೇಲಿ ಇಲ್ಲ. ಅಕಿ ಮ್ಯಾಲ ಕಣ್ಣಿರಲಿ.” “ನಾ ಇರೂತನಕಾ?” ಎಂದು ಎದೆ ತಟ್ಟಿಕೊಂಡೆ.

ನಾಲ್ಕು ಗಂಟೆಗೆ ಊಟದ ಕೋಣೆಯಲ್ಲಿ ಚಹಾ ಇಡುತ್ತಾರೆ. ನಾನು ಎದ್ದೆ. ನಾವು ಇಳಿದುಕೊಂಡ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಪ್ರಾಚಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನನ್ನ ಎಡಗಿವಿ ನಿನಗೆ ಗೊತ್ತೇ ಇದೆ, ‘ಅಜ್ಜಾ’ ಎನ್ನುವುದಷ್ಟೇ ಬಿತ್ತು. “ಆತವ್ವಾ, ನಾ ಬರ್ತೀನಿ ಹಂಗಾರ” ಎಂದು ನಡೆದೆ.

ಗದುಗಿನಲ್ಲಿ ಹುಟ್ಟಿದ ಯಾವ ಕೂಸಿಗೂ ಇದರ ಅರ್ಥ ಹೇಳಿಕೊಡಬೇಕಿಲ್ಲ. ಅಜ್ಜ ಹೊರಟ. ಆದರೆ ಇದು ಇಲ್ಫರ್ಡಿನಲ್ಲಿ ಹುಟ್ಟಿದ ಕೂಸು. ಅವಳು ಕೇಳಿದ್ದು, ಕೆಳಗೆ ನಲ್ಲಿಯ ಹತ್ತಿರ ಕೋರೆಹಂದಿಯ ಮರಿಗಳು ಬಂದಿವೆ, ನೋಡಲು ಹೋಗೋಣವಾ ಎಂದು. ಅಜ್ಜ ‘ಬರ್ತೀನಿ’ ಅಂದ. ಅಂದರೆ ಹಿಂದೆ ಬರುತ್ತಾನೆ. ಅವಳು ಮುಂದೆ ನಡೆದಳು!

ಟ್ರೇ ಹಿಡಿದು ಬಂದರೆ ಮೆಟ್ಟಿಲು ಖಾಲಿ. ಕೆಳಗೆ ನೋಡಿದೆ. ಹಂದಿಮರಿ ಒಂದೂ ಇರಲಿಲ್ಲ. ನಲ್ಲಿಯ ಕೆಸರಿನಲ್ಲಿ ಒಂದು ಆನೆಮರಿ ಸೊಂಡಿಲು ಆಡಿಸುತ್ತಿತ್ತು, ಅದರತ್ತ ಹಳದಿ ಫ್ರಾಕಿನ ನಮ್ಮ ಕೂಸು ಒಂದೊಂದೇ ಹೆಜ್ಜೆ ಇಡುತ್ತಿತ್ತು. ಅವಳ ಬೆನ್ನ ಹಿಂದೆ, ಗಿಡಗಳ ಸಂದಿಯಿಂದ, ತಾಯಿ. ಕಿವಿ ಎರಡೂ ಅಗಲಿಸಿ ನಿಂತಿತ್ತು. ತಾಯಿ ಮರಿಗಳ ನಡುವೆ ಎಂದೂ ನಿಲ್ಲಬೇಡಿ ಎಂದು ಕಬೆಲೊ ಮೊದಲ ದಿನವೇ ಹೇಳಿದ್ದ.

ಟ್ರೇ ಬಿತ್ತು. ಎದೆ ತುಂಬ ಉಸಿರು ಎಳೆದೆ. ಮೈಕಿಲ್ಲದೆ ಕೊನೆಯ ಚಾಪೆಯವರೆಗೆ ಮುಟ್ಟುತ್ತಿದ್ದ ದನಿ! ಅಷ್ಟರಲ್ಲಿ ಹಿಂದಿನಿಂದ ಓಡಿ ಬಂದ ಕಬೆಲೊ ನನ್ನ ಬಾಯಿಗೆ ಅಂಗೈ ಒತ್ತಿ, “ಕೂಗಿದರೆ ಆನೆ ನುಗ್ಗುತ್ತದೆ” ಎಂದ. ತಾನೇ ಕೆಳಗಿಳಿದು, ಮೆಲ್ಲಗೆ ಮಾತಾಡುತ್ತ, ಕೂಸಿಗೂ ತಾಯಿ ಆನೆಗೂ ನಡುವೆ ಹೋಗಿ ನಿಂತ. ತಾಯಿ ನಾಲ್ಕು ಹೆಜ್ಜೆ ಧೂಳೆಬ್ಬಿಸಿ ನುಗ್ಗಿತು. ನಿಂತಿತು. ಮರಿ ಓಡಿ ಅದರ ಕಾಲೊಳಗೆ ಸೇರಿತು. ಎರಡೂ ತಿರುಗಿ ಹೋದವು.

ಕೂಸನ್ನು ತಬ್ಬಿಕೊಂಡಾಗ ಅವಳು ಅಂದದ್ದು ಇಷ್ಟೇ: “ಅಜ್ಜಾ, ಯೂ ಸೆಡ್ ಯೂ ವರ್ ಕಮಿಂಗ್.”

ಸುದ್ದಿ ಕೇಳಿ ಪ್ರಿಯಾಂಕಾ ಅತ್ತಳು. ಮುಖ ಬಿಳಿಚಿದ್ದ ಪ್ರಸಾದ ಕೊನೆಗೆ, “ಕಬೆಲೊ ಬಾಯಿ ಮುಚ್ಚಲಿಲ್ಲ ಅಂದ್ರ ಅಪ್ಪನ ದನಿಗೆ ಇಡೀ ಬೋಟ್ಸ್ವಾನಾದ ಆನಿ ಎದ್ದು ಬರತಿದ್ದವು” ಎಂದು ನಕ್ಕ. ಲಂಡನ್ನಿಗೆ ಮರಳಿದ ಮೇಲೆ, ಇಲ್ಲಿಯ ಟೂಟಿಂಗ್ ಬಡಾವಣೆಯ ಹೋಟೆಲಿನಲ್ಲಿ ನಮ್ಮ ಮಂದಿ ಕೂಡಿದಾಗ ಇದನ್ನು ನನ್ನಿಂದ ನಾಲ್ಕು ಸಲ ಹೇಳಿಸಿದ್ದಾರೆ. ಧಾರವಾಡದ ಡಾಕ್ಟರ್ ಲಕ್ಷ್ಮೀಶ ‘ಒನ್ಸ್ ಮೋರ್’ ಎಂದು ಟೇಬಲ್ ಗುದ್ದಿದರು.

ಮಕ್ಕಳು ಮೊಮ್ಮಕ್ಕಳು ನಿಮ್ಮ ಮನೆ ತುಂಬಿರಲಿ. ನಿನ್ನ ಹೊಸ ಕಣ್ಣು ನೂರು ವರ್ಷ ಬೆಳಗಲಿ.

ನಿನ್ನ,
ಜಗದೇವಪ್ಪ

ತಾ.ಕ.: ಮೇಲಿನದನ್ನು ಚನ್ನಬಸವ್ವನಿಗೆ ಓದಿ ಹೇಳು. ಇದನ್ನು ಬೇಡ.

ಕಬೆಲೊ ನನ್ನ ಬಾಯಿ ಮುಚ್ಚಲಿಲ್ಲ. ಅವನು ದೂರ ದೋಣಿಗಳ ಹತ್ತಿರದಿಂದ ಓಡಿ ಬರುತ್ತಿದ್ದ. ಎರಡೂ ಕೈ ಎತ್ತಿ, ‘ಅವಳನ್ನು ನಿಲ್ಲಿಸು, ಕೂಗು’ ಎಂದು ನನಗೆ ಸನ್ನೆ ಮಾಡುತ್ತಿದ್ದ. ನಾನು ಬಾಯಿ ತೆರೆದೆ. ದನಿ ಬರಲಿಲ್ಲ, ನಾಗಲಿಂಗ. ಗಾಳಿ ಕೂಡ ಬರಲಿಲ್ಲ. ಕೂಸು ಇನ್ನೂ ನಾಲ್ಕು ಹೆಜ್ಜೆ ಇಟ್ಟಿತು. ನಾನು ಎಣಿಸಿದ್ದೇನೆ. ಆಮೇಲೆ ತಾನೇ ತಿರುಗಿ ನನ್ನನ್ನು ನೋಡಿತು, ಬಾಯಿ ಕಳೆದು ಸುಮ್ಮನೆ ನಿಂತ ಅಜ್ಜನನ್ನು.

“ಅಪ್ಪಾ, ನೀ ಯಾಕ ಒದರಲಿಲ್ಲ?” ಎಂದು ಪ್ರಸಾದ ಕೇಳಿದಾಗ ನನಗಿಂತ ಮೊದಲು ಉತ್ತರ ಕೊಟ್ಟವಳು ಪ್ರಾಚಿ. ಬಾಯಿ ಮುಚ್ಚಿದ ಕಥೆ ಅವಳು ಕಟ್ಟಿದ್ದು. ನಾನು ಅದನ್ನು ಹೊದ್ದುಕೊಂಡೆ ಅಷ್ಟೆ. ಒಬ್ಬಳೇ ಇದ್ದಾಗ, “ಯಾಕವ್ವಾ ಹಂಗ ಹೇಳಿದಿ?” ಎಂದು ಕೇಳಿದೆ. “ಇಲ್ಲಾಂದ್ರ ಡ್ಯಾಡ್ ನನ್ನ ನಿನ್ನ ಕೂಡ ಬಿಡೂದಿಲ್ಲ” ಅಂದಳು.

ಈಗಲೂ ನನ್ನ ಕೂಡವೇ ಬಿಡುತ್ತಾರೆ. ದಿನಾ ಮೂರೂವರೆಗೆ ಅವಳನ್ನು ಶಾಲೆಯಿಂದ ಕರೆತರುವುದು ನನ್ನ ಪಾಳಿ. ದೊಡ್ಡ ರಸ್ತೆ, ಸಾಲು ಸಾಲು ಬಸ್ಸು. ನನ್ನ ಬಾಯಿಯ ಮೇಲೆ ನನಗೆ ನಂಬಿಕೆಯಿಲ್ಲ, ಅದಕ್ಕೆ ಅವಳ ಮಣಿಕಟ್ಟು ಹಿಡಿಯುತ್ತೇನೆ. ನಿನ್ನೆ ಬೆರಳಿನ ಗುರುತು ಕೆಂಪಗೆ ಮೂಡಿತ್ತು.

“ಇಟ್ ಹರ್ಟ್ಸ್, ಅಜ್ಜಾ” ಅನ್ನುತ್ತಾಳೆ. ಕೈ ಮಾತ್ರ ಬಿಡಿಸಿಕೊಳ್ಳುವುದಿಲ್ಲ.