ಫೆತು ಬರೆದ ವಾಕ್ಯ

ಉಪೋಲು, ಸಮೋವಾ
15 ಆಗಸ್ಟ್ 1994

ಪ್ರೀತಿಯ ಸಲೋಟೆ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ನೀನು ಸವಾಯಿ ದ್ವೀಪದಿಂದ ಕಳಿಸಿದ ಕೋಕೋ ಬಂದು ತಿಂಗಳಾಯಿತು. ದಿನವೂ ಕುಡಿಯುತ್ತಾ ಒಂದು ಕಾಗದ ಬರೆಯದೆ ಕೂತಿದ್ದೆ, ಎಷ್ಟು ಬೇಕಾದರೂ ಬೈದುಕೋ. ಬರೆಯಲು ಕೂತರೆ ಬರೀ ಹೇಸಿಗೆಯೇ ಉಕ್ಕಿ ಬರುತ್ತಿತ್ತು. ಇವತ್ತೂ ಅದೇ ಬರುತ್ತದೆ, ಸಹಿಸಿಕೋ.

ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಇಂಗ್ಲಿಷಿನಲ್ಲಿ ತಿಳಿಸುವ ಪಾಠ ನೆನಪಿದೆಯಲ್ಲ, ಟ್ರೇನಿಂಗ್ ಕಾಲೇಜಿನಲ್ಲಿ ನಮ್ಮಿಬ್ಬರ ತಲೆ ತಿಂದದ್ದು? 'ಹೇಳಿದರು' ಅಂದಮೇಲೆ ಒಳಗಿನ ಕ್ರಿಯಾಪದವೂ ಭೂತಕಾಲಕ್ಕೆ ಸರಿಯಬೇಕು. ಹೇಳಿದ್ದು ಇಂದಿಗೂ ನಿಜವಾಗಿದ್ದರೆ ವರ್ತಮಾನದಲ್ಲೇ ಬಿಡಬಹುದು. ಪುಸ್ತಕದ ತುಂಬ ರೈಲು ತಪ್ಪಿತೆಂದ ಟಾಮ್, ಹಿಮ ಬೀಳುತ್ತಿದೆಯೆಂದ ಮೇರಿ. ನಮ್ಮ ಮಕ್ಕಳು ರೈಲನ್ನೂ ಕಂಡಿಲ್ಲ, ಹಿಮವನ್ನೂ ಕಂಡಿಲ್ಲ. ಮನೆಯಲ್ಲಿ ಕಿವಿಗೆ ಬಿದ್ದ ಒಂದು ಮಾತು ತನ್ನಿ, ಅದನ್ನೇ ಬರೆಯೋಣ ಎಂದೆ.

ಮರುದಿನ ಒಬ್ಬ ತಾತನ ಕೆಮ್ಮು ತಂದ, ಇನ್ನೊಬ್ಬಳು ಹಂದಿ ಕಳೆದುಹೋದ ಸುದ್ದಿ ತಂದಳು. ತರಗತಿಗೆಲ್ಲ ಚುರುಕಾದ ಹುಡುಗಿ ಫೆತು. ಅವಳು ಹಲಗೆಯ ಮೇಲೆ ಬರೆದದ್ದು ಇಷ್ಟು: ದೇವರಿಗೆಂದು ನಾವು ಕೊಡುವ ಮೀನಿನ ಡಬ್ಬಿಗಳನ್ನು ಪಾದ್ರಿ ತನ್ನ ಭಾಮೈದನ ಅಂಗಡಿಯಲ್ಲಿ ಮಾರಿಸುತ್ತಾರೆ ಎಂದು ಮೆಲೆ ಅತ್ತೆ ಹೇಳಿದಳು.

ಕ್ರಿಯಾಪದ ಯಾಕೆ ಹಿಂದಕ್ಕೆ ಸರಿದಿಲ್ಲ ಎಂದು ಕೇಳಿದೆ.

"ಈಗ್ಲೂ ಮಾರಿಸ್ತಾರಲ್ಲ ಮಿಸ್," ಅಂದಳು.

ತರಗತಿ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಪೂರ್ತಿ ಅಂಕ ಕೊಟ್ಟು ಹಲಗೆ ಒರೆಸಿದೆ.

ಆದರೆ ಊರು ಒರೆಸಲಿಲ್ಲ ಕಣೆ. ಸೋಮವಾರ ಮನೆತನಗಳ ಯಜಮಾನರ ಸಭೆ ಕೂಡಿತು. ಮಗುವಿನ ಬಾಯಿ ಎಂದರೆ ಇಡೀ ಮನೆಯ ಬಾಯಿ ಅಲ್ಲವೇ ನಮ್ಮಲ್ಲಿ? ಪಾದ್ರಿಯ ಮಾನ ಕಳೆದದ್ದಕ್ಕೆ ಫೆತುವಿನ ಮನೆಯವರು ಒಂದು ದೊಡ್ಡ ಹಂದಿಯನ್ನೂ ಪೆಟ್ಟಿಗೆಗಟ್ಟಲೆ ಮೀನಿನ ಡಬ್ಬಿಗಳನ್ನೂ ದಂಡ ತೆರಬೇಕು ಎಂದು ತೀರ್ಪಾಯಿತು. ಮೆಲೆ ಸಭೆಯ ಮುಂದೆ ಚಾಪೆಯ ಮೇಲೆ ಕೂತು, ತಾನು ಅಂಥ ಮಾತು ಆಡಿಯೇ ಇಲ್ಲ, ಹುಡುಗಿ ಕಟ್ಟಿದ ಕಥೆ ಎಂದುಬಿಟ್ಟಳು. ಫೆತು ಅತ್ತೆಯ ಮುಖವನ್ನೇ ನೋಡುತ್ತಿದ್ದಳಂತೆ. ಆಮೇಲೆ ಅವಳಿಂದಲೂ 'ಸುಳ್ಳು ಹೇಳಿದೆ' ಎಂದು ಹೇಳಿಸಿದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಇನ್ನೂ ಅಸಹ್ಯವಾದದ್ದು ಕೇಳು. ಊರಿಗೆ ಇರುವುದು ಒಂದೇ ಅಂಗಡಿ. ದಂಡದ ಡಬ್ಬಿಗಳನ್ನು ಆ ಬಡಪಾಯಿಗಳು ಪಾದ್ರಿಯ ಭಾಮೈದನ ಹತ್ತಿರವೇ ಕೊಂಡುತಂದರು! ಪಾದ್ರಿ ಅವುಗಳ ಮುಂದೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ. ಭಾನುವಾರ ನಾಲಿಗೆಯ ಪಾಪದ ಮೇಲೆ ಉಪದೇಶ ಬೇರೆ. ತುಟಿಯ ಮೇಲೆ ಹಂದಿಯ ಜಿಡ್ಡು ಹೊಳೆಯುತ್ತಿತ್ತು, ಥೂ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ, ಮನೆಯವರು ಫೆತುವಿನ ಮೇಲೆ ತಿರುಗಿಬಿದ್ದರು. ಅವಳ ದೊಡ್ಡಪ್ಪ ಅವಳ ಉದ್ದ ಕೂದಲನ್ನು ಬುಡಕ್ಕೆ ಕತ್ತರಿಸಿ ಹಾಕಿದ್ದಾನೆ. ಶಾಲೆಯನ್ನೂ ಬಿಡಿಸಿದ್ದಾರೆ. ನೋಡಲು ಹೋದೆ. ತೆಂಗಿನಕಾಯಿ ತುರಿಯುತ್ತಿದ್ದವಳು ತಲೆ ಎತ್ತಲಿಲ್ಲ. ಮನೆಯಲ್ಲಿ ನಿನ್ನಜ್ಜಿ ಏನೆನ್ನುತ್ತಾರೆ ಎಂದು ಮೆಲ್ಲಗೆ ಕೇಳಿದೆ.

"ಯಾರೂ ಏನೂ ಅಂದಿಲ್ಲ ಮಿಸ್. ನಂಗೇನೂ ಕೇಳಿಸಲ್ಲ."

ಅಜ್ಜಿಯೇ ನನ್ನನ್ನು ಬಾಳೆಗಿಡಗಳ ಹಿಂದೆ ಕರೆದುಕೊಂಡು ಹೋಗಿ, "ಇಲ್ಲೇ ಇದ್ರೆ ಮಗು ಮೂಗಿ ಆಗೋಗುತ್ತೆ ಕಣಮ್ಮ, ಎಲ್ಲಾದ್ರೂ ಸೇರ್ಸು," ಎಂದಳು. ಸಲೋಟೆ, ಅವಳನ್ನು ನಿನ್ನ ಮನೆಯಲ್ಲಿಟ್ಟುಕೊಂಡು ನಿನ್ನ ಶಾಲೆಯಲ್ಲಿ ಓದಿಸುತ್ತೀಯಾ? ಬೇರೆ ಯಾರನ್ನು ಕೇಳಲಿ? ಒಲ್ಲೆ ಅನ್ನಬೇಡ.

ನಿನ್ನ ಮಕ್ಕಳಿಗೆ ನನ್ನ ಮುತ್ತುಗಳು. ನಿನ್ನ ಮನೆಯನ್ನು ದೇವರು, ಪಾದ್ರಿಯ ದೇವರಲ್ಲ, ನಿಜವಾದ ದೇವರು ತಣ್ಣಗಿಟ್ಟಿರಲಿ.

ನಿನ್ನ
ಸಿಯೆನಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಸಭೆಗೆ ಸುದ್ದಿ ಒಯ್ದದ್ದು ಯಾವುದೋ ಮಗು ಇರಬೇಕು ಎಂದುಕೊಂಡಿದ್ದೆ. ಒಯ್ದವನು ನನ್ನ ಗಂಡ ತಾವಿತಾ. ಫೆತು ಆ ವಾಕ್ಯ ಬರೆದ ದಿನ ರಾತ್ರಿ ಊಟಕ್ಕೆ ಕೂತಾಗ ನಗುತ್ತಾ ಅವನಿಗೆ ಹೇಳಿದ್ದೆ, ನನ್ನ ಗಂಡನಿಗಲ್ಲದೆ ಇನ್ಯಾರಿಗೆ ಹೇಳಲಿ? ಅವನೂ ಸಭೆಯ ಯಜಮಾನರಲ್ಲೊಬ್ಬನಲ್ಲವೇ, ನಿನ್ನೆ ದಂಡದಲ್ಲಿ ತನ್ನ ಪಾಲಿನ ಡಬ್ಬಿಗಳನ್ನು ತಂದು ಅಡುಗೆಮನೆಯಲ್ಲಿಟ್ಟ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. "ನೀನು ಹೇಳಿದ್ದನ್ನೇ ಹೇಳ್ದೆ, ಒಂದಕ್ಷರ ಸೇರಿಸಿಲ್ಲ. ಈರುಳ್ಳಿ ಹಾಕಿ ಹುರಿ," ಅಂದ. ಹುರಿದು ಬಡಿಸಿದೆ. ಚಪ್ಪರಿಸಿಕೊಂಡು ತಿಂದ. ಇಪ್ಪತ್ತು ವರ್ಷ ಈ ಬಾಯಿಯ ಮುಂದೆ ಮನಸ್ಸು ಬಿಚ್ಚಿದ್ದೆನಲ್ಲ ಎಂದು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಶುಕ್ರವಾರದ ಹಡಗಿಗೆ ಫೆತುವೂ ನಾನೂ ಬರುತ್ತೇವೆ. ಎರಡು ಚಾಪೆ ಹಾಸಿಡು.