ಯಾವುದರ ಮೇಲೆ ಐದು ಪರ್ಸೆಂಟು

ಆಸ್ಪತ್ರೆಯ ಎರಡನೇ ಮಹಡಿ, ಮಕ್ಕಳ ವಾರ್ಡಿನ ಹೊರಗಿನ ಬೆಂಚು
ಹದಿನೇಳನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಹಡಗಿನವನೇ,

ಹೇಗಿದ್ದೀಯ? ಅಲೆ ಎದ್ದಾಗಲೆಲ್ಲ ಹೊಟ್ಟೆ ತೊಳಸುತ್ತದೆ ಎಂದು ಬರೆದಿದ್ದೆಯಲ್ಲ, ಈಗ ಊಟ ಸೇರುತ್ತಿದೆಯೇ? ಇಂಜಿನ್ ರೂಮಿನ ಸೆಕೆಯಲ್ಲಿ ವೈರು ಬಿಚ್ಚುತ್ತ ಕೂತು ನೀರು ಕುಡಿಯುವುದನ್ನು ಮರೆಯಬೇಡ. ಹಡಗು ಬಂದರು ಮುಟ್ಟುವವರೆಗೆ ನಿನ್ನ ಫೋನು ಸಿಗುವುದಿಲ್ಲವೆಂದು ಕಂಪನಿಯವರು ಹೇಳಿದರು, ಅದಕ್ಕೇ ಮುಂದಿನ ಬಂದರಿನ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ. ನಾನು ಎದ್ದು ಓಡಾಡುತ್ತಿದ್ದೇನೆ, ಹೊಲಿಗೆ ಒಣಗುತ್ತಿದೆ. ಇನ್ನು ಸುತ್ತಿ ಬಳಸಿ ಬರೆಯುವ ಶಕ್ತಿ ನನಗಿಲ್ಲ. ಪುಟ್ಟನಿಗೆ ಹುಷಾರಿಲ್ಲ. ಮೂಗಿನಲ್ಲಿ ಸಣ್ಣ ನಳಿಕೆ ಇಟ್ಟಿದ್ದಾರೆ, ಪಾದಕ್ಕೆ ಸೂಜಿ ಚುಚ್ಚಿದ್ದಾರೆ, ನನ್ನನ್ನು ಗಾಜಿನ ಈಚೆಗೆ ಕೂರಿಸಿದ್ದಾರೆ. ಹಾಲು ತುಂಬಿ ಎದೆ ಕಲ್ಲಾಗಿದೆ, ಕುಡಿಯುವವನು ಒಳಗಿದ್ದಾನೆ.

ಹುಟ್ಟಿದಾಗ ಸರಿಯಾಗಿ ಎರಡೂವರೆ ಕಿಲೋ ಇದ್ದ ಎಂದು ನಿನಗೆ ಗೊತ್ತು. ಮನೆಗೆ ಕಳಿಸುವಾಗ ನರ್ಸಕ್ಕ ಒಂದೇ ಮಾತು ಹೇಳಿದ್ದರು: "ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯತ್ತೆ, ಹೆದರ್ಬೇಡಿ. ಆದ್ರೆ ಹುಟ್ಟಿದ ತೂಕದಲ್ಲಿ ಹತ್ತು ಪರ್ಸೆಂಟ್ ದಾಟಿ ಇಳೀತೋ, ಒಂದು ಗಳಿಗೆ ಕೂಡ ಕಾಯ್ಬೇಡಿ, ಎತ್ಕೊಂಡು ಓಡಿ ಬನ್ನಿ." ಎರಡು ದಿನ ಬಿಟ್ಟು ಇಲ್ಲಿಗೇ ಬಂದು ತೂಗಿಸಿ ಎಂದೂ ಹೇಳಿದ್ದರು. ಮಾವನಿಗೆ ಅದು ರುಚಿಸಲಿಲ್ಲ. "ಕೆಳಗಡೆ ಅಂಗಡೀಲಿ ತಕ್ಕಡಿ ಇಟ್ಕೊಂಡು, ಹಸುಗೂಸನ್ನ ಆಸ್ಪತ್ರೆ ಕ್ಯೂನಲ್ಲಿ ನಿಲ್ಲಿಸ್ತೀಯೇನಮ್ಮ?" ಎಂದರು. ಮೊಮ್ಮಗನಿಗೆಂದು ಅಕ್ಕಿ ತೂಗುವ ಕರೆಂಟಿನ ತಕ್ಕಡಿಯ ತಟ್ಟೆಯನ್ನು ಬಿಸಿನೀರಿನಲ್ಲಿ ತಾವೇ ತೊಳೆದು, ತಮ್ಮ ಹೊಸ ಟವೆಲ್ ಹಾಸಿ, ಮೊದಲು ಟವೆಲ್ಲಿನ ತೂಕ ಕಳೆದು ಆಮೇಲೆ ಅವನನ್ನು ಮಲಗಿಸಿದರು. ಗಿರಾಕಿಗಳೆಲ್ಲ ಸುತ್ತ ನಿಂತು ನಕ್ಕರು. ಎರಡು ಕಿಲೋ ಮುನ್ನೂರು ಗ್ರಾಂ ಬಂತು.

ಇನ್ನೂರು ಗ್ರಾಂ ಇಳಿದಿದ್ದಾನೆ. ಎರಡೂವರೆ ಸಾವಿರಕ್ಕೆ ಇನ್ನೂರು ಅಂದರೆ ಎಂಟು ಪರ್ಸೆಂಟು. ಹೋಟೆಲ್ ಗಲ್ಲಾದಲ್ಲಿ ಕೂತು ಬಂದವಳಿಗೆ ಅಷ್ಟು ಲೆಕ್ಕ ಬಾಯಲ್ಲೇ ಆಗುತ್ತದೆ. ಹತ್ತರ ಒಳಗೇ ಇದೆಯಲ್ಲ ಎಂದು ಉಸಿರು ಬಿಟ್ಟೆ. ಮಾವ ಮಾತ್ರ ತಟ್ಟೆಯನ್ನೇ ನೋಡುತ್ತ, ಬೆರಳ ಗೆಣ್ಣು ಎಣಿಸಿ, ಏನೋ ಗುಣಿಸಿಕೊಂಡು, "ಏನೂ ತೊಂದ್ರೆ ಇಲ್ಲ, ಒಳಗೇ ಇದೆ" ಎಂದರು. ನಾನೂ ಅದೇ ಲೆಕ್ಕ ಹಾಕಿದ್ದೆನಲ್ಲ, ಅವರು ಬೇರೆ ಏನು ಗುಣಿಸುತ್ತಿದ್ದಾರೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಮರುದಿನವೂ ಅಷ್ಟೇ ತೂಕ ಬಂತು. ಪುಟ್ಟ ಅಳುತ್ತಿರಲಿಲ್ಲ, ಬಟ್ಟೆ ಒದ್ದೆ ಮಾಡುತ್ತಿರಲಿಲ್ಲ, ಬರೀ ನಿದ್ದೆ. "ನಮ್ಮ ಮನೆ ಮಗು ನೋಡು, ಎಷ್ಟು ಸಮಾಧಾನ!" ಎಂದು ಮಾವ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ನಾನೂ ಆ ಮಾತು ಕೇಳಿ ಹಿಗ್ಗಿದೆ, ನೋಡು.

ಇವತ್ತು ಬೆಳಿಗ್ಗೆ ಅವನ ಬಾಯೊಳಗೆ ಬೆರಳಿಟ್ಟರೆ ನಾಲಗೆ ಒಣಗಿ ಅಂಟುತ್ತಿತ್ತು. ಅಂಗಾಲು ಉಜ್ಜಿದರೂ ಕಣ್ಣು ಬಿಡಲಿಲ್ಲ. ಬಗಲಲ್ಲಿ ಅವನನ್ನು ಒತ್ತಿಕೊಂಡೇ ಅಂಗಡಿಗೆ ಇಳಿದೆ. ತಕ್ಕಡಿ ಮತ್ತೆ ಎರಡು ಕಿಲೋ ಮುನ್ನೂರು ಎಂದಿತು. ನನ್ನ ಹಾಳು ಅಭ್ಯಾಸ ನಿನಗೆ ಗೊತ್ತಲ್ಲ, ಬಿಲ್ಲು ನಂಬದಿದ್ದರೆ ಕೆಳಗಿನಿಂದ ಮೇಲಕ್ಕೆ ಕೂಡಿ ನೋಡುವವಳು ನಾನು. ಸೀಲು ಒಡೆಯದ ಒಂದು ಕಿಲೋ ಸಕ್ಕರೆ ಪ್ಯಾಕೆಟ್ ಎತ್ತಿ ತಟ್ಟೆಯ ಮೇಲಿಟ್ಟೆ. ಸಾವಿರದ ಐವತ್ತು ಗ್ರಾಂ. ಇನ್ನೊಂದಿಟ್ಟೆ, ಅದೂ ಅಷ್ಟೇ. ಒಂದು ಪ್ಲಾಸ್ಟಿಕ್ ಚೀಲ ಐವತ್ತು ಗ್ರಾಂ ತೂಗುತ್ತದೆಯೇ? ಮಾವ ಶಟರಿನ ಕೊಕ್ಕೆ ಹಿಡಿದುಕೊಂಡು ನಿಂತಿದ್ದರು. ಅವರ ಮುಖ ನೋಡಿದೆ, ಕೇಳುವ ಅಗತ್ಯವೇ ಬೀಳಲಿಲ್ಲ.

"ನಂಗೊತ್ತಿತ್ತು ಕಣಮ್ಮ. ವ್ಯಾಪಾರಕ್ಕೇಂತ ಐದು ಪರ್ಸೆಂಟ್ ಜಾಸ್ತಿ ತೋರ್ಸತ್ತೆ. ಅದನ್ನೂ ಲೆಕ್ಕಕ್ಕೆ ತಗೊಂಡೇ ಹೇಳಿದ್ದು. ಇಳಿದಿದ್ದು ಇನ್ನೂರು, ಅದ್ರಲ್ಲಿ ಐದು ಪರ್ಸೆಂಟ್ ಹತ್ತು ಗ್ರಾಂ. ಇನ್ನೂರ ಹತ್ತು ಇಳಿದಿದ್ರೂ ಒಳಗೇ ಅಲ್ವಾ?" ಎಂದರು. ಅಯ್ಯೋ ದೇವರೇ! ತಪ್ಪು ಇಳಿದ ಇನ್ನೂರರ ಮೇಲಲ್ಲ, ತಟ್ಟೆಯ ಮೇಲೆ ಮಲಗಿದ್ದ ಇಡೀ ಮಗುವಿನ ಮೇಲೆ! ಆಸ್ಪತ್ರೆಯ ತಕ್ಕಡಿ ಸರಿಯಿತ್ತು, ನಮ್ಮದು ಸುಳ್ಳು. ಅವನ ನಿಜವಾದ ತೂಕ ಎರಡು ಕಿಲೋ ನೂರ ತೊಂಬತ್ತು. ಇಳಿದದ್ದು ಮುನ್ನೂರ ಹತ್ತು, ಹನ್ನೆರಡು ಪರ್ಸೆಂಟಿಗೂ ಮೇಲೆ. ನೀನು ಮೊದಲ ಸಲ ನಮ್ಮ ಹೋಟೆಲಿಗೆ ಬಂದಾಗ ಟ್ಯಾಕ್ಸೂ ಸೇರಿಸಿ ಒಟ್ಟು ಬಿಲ್ಲಿನ ಮೇಲೆ ಹತ್ತು ಪರ್ಸೆಂಟ್ ಟಿಪ್ಸ್ ಇಟ್ಟಿದ್ದೆ. "ಟ್ಯಾಕ್ಸಿಗೂ ಯಾಕ್ರೀ ಟಿಪ್ಸು, ಸರ್ಕಾರ ಬಂದು ನಿಮಗೆ ನೀರು ತಂದುಕೊಡ್ತಾ?" ಎಂದು ಚಿಲ್ಲರೆ ವಾಪಸ್ ಕೊಟ್ಟವಳು ನಾನು. ಪರ್ಸೆಂಟು ಅಂದರೆ ಮೊದಲು ಯಾವುದರ ಮೇಲೆ ಎಂದು ಕೇಳುವವಳು. ನನ್ನ ಮಗುವಿನ ವಿಷಯಕ್ಕೆ ಬಂದಾಗ ಆ ಬಾಯಿಗೆ ಏನಾಗಿತ್ತು?

ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. "ಎರಡು ದಿನ ಮೊದಲೇ ತಂದಿದ್ರೆ ಚೆನ್ನಾಗಿತ್ತು" ಎಂದಷ್ಟೇ ಹೇಳಿದರು, ಬೈದಿದ್ದರೆ ವಾಸಿಯಿತ್ತು. ಅವನು ತಾನಾಗಿ ಚೀಪಿ ನುಂಗುವವರೆಗೆ ಏನೂ ಹೇಳಲಾಗದಂತೆ. ಮಾವ ಮೆಟ್ಟಿಲ ಮೇಲೆ ಕೂತಿದ್ದಾರೆ, ಒಳಗೆ ಕಾಲಿಡುತ್ತಿಲ್ಲ. ಸಿಟ್ಟಿನಲ್ಲಿ ನಾಲ್ಕು ಮಾತು ಅಂದುಬಿಡೋಣ ಎಂದು ಹೋದೆ. ಮಗುವಿಗೆ ಹಾಸಿದ್ದ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು. ಹಾಗೇ ವಾಪಸ್ ಬಂದೆ. ನನಗೆ ಭಯವಾಗುತ್ತಿದೆ ಕಣೋ. ಕೈ ಹಿಡಿದುಕೊಳ್ಳಲು ಇಲ್ಲಿ ಯಾರೂ ಇಲ್ಲ.

ನೀನಾದರೂ ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು. ನಿನ್ನ ಜೊತೆಯವರಿಗೆ ನನ್ನ ನಮಸ್ಕಾರ ತಿಳಿಸು. ಯಾವ ದೇವರಾದರೂ ಸರಿ, ಅಲ್ಲಿಂದಲೇ ಕೈಮುಗಿ.

ನಿನ್ನ ಹೆಂಡತಿ,
ಪುಟ್ಟನ ಅಮ್ಮ

ವಿ.ಸೂ.: ಕವರು ಅಂಟಿಸುತ್ತಿದ್ದಾಗ ಮಾವ ಮೇಲೆ ಬಂದರು. "ತಕ್ಕಡಿ ತಿದ್ದಿದ್ದು ನಾನೇ ಕಣಮ್ಮ, ನನ್ನ ಮಗನಿಗೆ ಏನೂ ಗೊತ್ತಿಲ್ಲ" ಎಂದರು. ನಿನ್ನ ಹೆಸರನ್ನು ನಾನು ಎತ್ತಿರಲೇ ಇಲ್ಲ. ಬಲ್ಬು ಹೋದರೂ ನಿನ್ನನ್ನೇ ಕೂಗುತ್ತಿದ್ದ ಮನುಷ್ಯ ಕರೆಂಟಿನ ತಕ್ಕಡಿಯ ಹೊಟ್ಟೆ ಬಿಚ್ಚಿ ತಿದ್ದಿದರೇ? ಬಂದರು ಮುಟ್ಟಿದ ಕೂಡಲೇ ಫೋನು ಮಾಡು. ಮಗು ಹೇಗಿದೆ ಎಂದು ಕೇಳುವ ಮೊದಲು, ಅದನ್ನು ತಿದ್ದಿದ್ದು ನೀನೋ ಅಲ್ಲವೋ ಹೇಳು.